ಹೆಂಚಿನ ತೂತಿನಿಂದ ಬಿದ್ದ ಪಾಠ

1980ರ ಫೆಬ್ರುವರಿ 16, ಶನಿವಾರ. ನನಗಾಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಆ ಮಧ್ಯಾಹ್ನ ನಮ್ಮ ಅಂಕೋಲೆಯ ಮೇಲೆ ಪೂರ್ಣ ಸೂರ್ಯಗ್ರಹಣ. ಗ್ರಹಣದ ನೆರಳು ಸಮುದ್ರ ದಾಟಿ ಬಂದು, ಅಂಕೋಲೆ, ಹುಬ್ಬಳ್ಳಿ, ಗದಗ, ರಾಯಚೂರು ಅಂತ ಕರ್ನಾಟಕವನ್ನು ಅಡ್ಡಡ್ಡ ಹಾದು ಹೋಯಿತು. ಅದನ್ನು ನೋಡಲಿಕ್ಕೆಂದೇ ವಿಜ್ಞಾನಿಗಳು ಎಲ್ಲೆಲ್ಲಿಂದಲೋ ಬಂದು ಕಾದು ಕೂತಿದ್ದರು. ನಮ್ಮನೆಯಲ್ಲಿ ಮಾತ್ರ ಬಾಗಿಲು, ಕಿಟಕಿ ಎಲ್ಲ ಬಂದ್. ಅಜ್ಜಿ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ, ಮಜ್ಜಿಗೆ ಪಾತ್ರೆಗೆ ದರ್ಭೆ ಹಾಕಿ, ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಕೂರಿಸಿ ಕದ ಹಾಕಿಬಿಟ್ಟರು. "ಹೊರಗೆ ಇಣುಕಿದ್ರೆ ನೋಡು, ಕಣ್ಣೇ ಹೋಗ್ತದೆ."

ನಾನು ಇಣುಕಲಿಲ್ಲ. ಸುಮ್ನೆ ನೆಲ ನೋಡುತ್ತ ಕೂತೆ.

ಅಡುಗೆಮನೆಯ ಮಾಡಿಗೆ ಮಂಗಳೂರು ಹೆಂಚು. ಅಲ್ಲಲ್ಲಿ ಮೂಲೆ ಒಡೆದು ಸಣ್ಣ ಸಣ್ಣ ತೂತು ಬಿದ್ದಿದ್ದವು. ಬಿಸಿಲಿದ್ದ ದಿನ ಅವುಗಳಿಂದ ನೆಲದ ಮೇಲೆ ದುಂಡಗಿನ ಬೆಳಕಿನ ಬೊಟ್ಟುಗಳು ಬೀಳುತ್ತಿದ್ದವು. ಅವತ್ತು ನೋಡುತ್ತ ನೋಡುತ್ತ ಆ ಬೊಟ್ಟುಗಳ ಒಂದು ಬದಿ ಕರಗತೊಡಗಿತು. ಯಾರೋ ಕಚ್ಚಿ ತಿಂದ ಹಾಗೆ. ಆಮೇಲೆ ಎಲ್ಲವೂ ಬಿದಿಗೆ ಚಂದ್ರನ ಹಾಗೆ ಬಾಗಿದವು. ಸಗಣಿ ಸಾರಿಸಿದ ನೆಲದ ಮೇಲೆ ಒಂದಲ್ಲ, ಎರಡಲ್ಲ, ಏಳೆಂಟು ಸಣ್ಣ ಸೂರ್ಯ. ಎಲ್ಲಕ್ಕೂ ಒಂದೇ ಸಲ ಗ್ರಹಣ. ಅಜ್ಜಿ ಹೊರಗೆ ಹೋಗಬೇಡ ಅಂದಿದ್ದರು, ಸರಿ. ಗ್ರಹಣವೇ ಒಳಗೆ ಬಂದಿತ್ತು.

ನಾನು ನೆಲ ನೋಡುತ್ತ ಕೂತದ್ದಕ್ಕೆ ಕಾರಣ ನಮ್ಮ ಶಾಲೆ. ಈ ಬರಹ ಆ ಶಾಲೆಯ ಬಗ್ಗೆ. ಶಾಲೆ ಅಂದರೆ ಮಾಸ್ತರರು, ಪುಸ್ತಕ, ಪರೀಕ್ಷೆ ಅಲ್ಲ. ಗೋಡೆ, ಮಾಡು, ನೆಲ.

ಚಿರೆಕಲ್ಲಿನ ಗೋಡೆ, ಎರಡು ಕೋಣೆ, ಮುಂದೊಂದು ಜಗಲಿ. ಮಾಡಿಗೆ ಪಕಾಸು, ರೀಪು, ಮೇಲೆ ಹೆಂಚು. ಅಲ್ಲೂ ತೂತು, ಅಲ್ಲೂ ಬೆಳಕಿನ ಬೊಟ್ಟು. ನಾವು ಅದಕ್ಕೆ ಬಿಲ್ಲೆ ಅಂತಿದ್ದೆವು. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ನಮ್ಮ ಮಾಸ್ತರರು ಬೆಳಿಗ್ಗೆ ಹಾಜರಿ ತೆಗೆದುಕೊಂಡ ಮೇಲೆ ಒಬ್ಬನಿಗೆ ಸೀಮೆಸುಣ್ಣ ಕೊಟ್ಟು, ಬಿಲ್ಲೆಯ ಸುತ್ತ ಗೆರೆ ಎಳೆ ಅನ್ನುತ್ತಿದ್ದರು. ಗಣಿತ ಮುಗಿಯುವಷ್ಟರಲ್ಲಿ ಬಿಲ್ಲೆ ಗೆರೆ ದಾಟಿ ಆಚೆ ಹೋಗಿರುತ್ತಿತ್ತು. ಮತ್ತೊಂದು ಗೆರೆ. ನಮಗೆ ಅದೊಂದು ಆಟ. ಡಿಸೆಂಬರಿನಲ್ಲಿ ಮಧ್ಯಾಹ್ನದ ಬಿಲ್ಲೆ ಉತ್ತರದ ಗೋಡೆ ಕಡೆ ಬೀಳುತ್ತಿತ್ತು. ಮಾರ್ಚಿ ಬರುವಷ್ಟರಲ್ಲಿ ಕೋಣೆಯ ನಡುವಿಗೆ ಬಂದಿರುತ್ತಿತ್ತು. ಸೂರ್ಯ ತಿಂಗಳು ತಿಂಗಳಿಗೆ ದಾರಿ ಬದಲಿಸುತ್ತಾನೆ ಅನ್ನೋದನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಓದಿದಾಗ, ಓಹೋ ಇದಾ, ಅನಿಸಿತು.

ಆದರೆ ಮಾಸ್ತರರು ಒಂದು ಪ್ರಶ್ನೆಯನ್ನು ಹಾಗೇ ಬಿಟ್ಟಿದ್ದರು. ಹೆಂಚು ಒಡೆದದ್ದು ಅಂಕುಡೊಂಕಾಗಿ. ತೂತು ದುಂಡಗಿಲ್ಲ. ಬಿಲ್ಲೆ ಯಾಕೆ ದುಂಡಗೆ? ನಾವು ಕಾಗದದಲ್ಲಿ ಚೌಕ ತೂತು ಕೊರೆದು ನೋಡಿದೆವು, ಮೂರು ಮೂಲೆಯ ತೂತು ಮಾಡಿ ನೋಡಿದೆವು. ಕಾಗದ ನೆಲಕ್ಕೆ ಹತ್ತಿರ ಇದ್ದಾಗ ತೂತಿನದೇ ಆಕಾರ, ಮೇಲಕ್ಕೆತ್ತಿದ ಹಾಗೆ ದುಂಡು. ಯಾಕೆ ಅಂತ ಕೇಳಿದರೆ ಮಾಸ್ತರರು ಹೇಳಲೇ ಇಲ್ಲ. ಗ್ರಹಣದ ದಿನ ಅಡುಗೆಮನೆಯಲ್ಲಿ ಕೂತಾಗ ನನಗೆ ಹೊಳೆಯಿತು. ನೆಲದ ಮೇಲಿರುವುದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಸೋಮವಾರ ಶಾಲೆಗೆ ಹೋಗಿ ಹೇಳಿದೆ. ಮಾಸ್ತರರು ಶಹಬ್ಬಾಸ್ ಅನ್ನಲಿಲ್ಲ. "ಹಾಗಾದ್ರೆ ಮಾಡಿನ ಎತ್ತರ ಜಾಸ್ತಿ ಆದ್ರೆ ಬಿಲ್ಲೆ ದೊಡ್ಡದಾಗ್ತದೋ ಸಣ್ಣದಾಗ್ತದೋ?" ಅಂತ ಇನ್ನೊಂದು ಪ್ರಶ್ನೆ ಹಾಕಿ ಬೀಡಿ ಸೇದಲಿಕ್ಕೆ ಹೋದರು. (ದೊಡ್ಡದಾಗುತ್ತದೆ. ಎತ್ತರವನ್ನು ಸುಮಾರು 108ರಿಂದ ಭಾಗಿಸಿದರೆ ಬಿಲ್ಲೆಯ ಅಗಲ ಸಿಗುತ್ತದೆ. ನಾಲ್ಕು ಮೀಟರಿನ ಮಾಡಿಗೆ ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರು. ಸೂರ್ಯನ ದೂರವನ್ನು ಅವನ ಅಗಲದಿಂದ ಭಾಗಿಸಿದರೂ ಅದೇ 108ರ ಆಸುಪಾಸು. ಮಾಸ್ತರರಿಗೆ ಇದು ಗೊತ್ತಿತ್ತೋ ಇಲ್ಲವೋ, ಕೇಳಲಿಕ್ಕೆ ಈಗ ಅವರಿಲ್ಲ.)

ಮಾಡು ಕಲಿಸಿದ್ದು ಅಷ್ಟೇ ಅಲ್ಲ. ಮೇ ತಿಂಗಳ ಕೊನೆಗೆ ಹೆಂಚು ಕೈಯಾಡಿಸುವ ಕೆಲಸ ಇರುತ್ತಿತ್ತು. ಊರ ಗಂಡಸರು ಇಬ್ಬರು ಮೇಲೆ ಹತ್ತಿ ಒಡೆದ ಹೆಂಚು ಕೆಳಗೆ ಕೊಡುತ್ತಿದ್ದರು. ನಾವು ಸಾಲಾಗಿ ನಿಂತು ಹೊಸದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಒಂದೊಂದು ಹೆಂಚು ಎರಡೂವರೆ ಮೂರು ಕಿಲೋ ತೂಕ. ಕೆಲವು ಹಳೇ ಹೆಂಚಿನ ಮೇಲೆ ಬಾಸೆಲ್ ಮಿಶನ್ ಅಂತ ಇಂಗ್ಲಿಷಿನ ಉಬ್ಬಕ್ಷರ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಮಿಶನರಿಗಳು ಶುರು ಮಾಡಿದ ಕಾರ್ಖಾನೆಯ ಹೆಂಚು. ನನ್ನ ಮೊದಲ ಇಂಗ್ಲಿಷ್ ಅಕ್ಷರ ನಾನು ಬೆರಳಲ್ಲಿ ಮುಟ್ಟಿ ಓದಿದ್ದೇ ಅಲ್ಲಿ. ಹೆಂಚಿನ ಅಂಚಿನಲ್ಲಿ ಉದ್ದಕ್ಕೆ ತೋಡು ಯಾಕೆ ಇದೆ, ಒಂದರ ಕಿವಿ ಇನ್ನೊಂದರೊಳಗೆ ಯಾಕೆ ಕೂರಬೇಕು, ಮಾಡು ಇಳಿಜಾರಾಗಿ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದನ್ನು ಯಾರೂ ಪಾಠ ಮಾಡಲಿಲ್ಲ. ಜೂನ್ ಮೊದಲ ಮಳೆಗೆ ನಾವೇ ದಾಟಿಸಿದ ಹೆಂಚು ಸೋರಿದರೆ ಗೊತ್ತಾಗುತ್ತಿತ್ತು.

ಮಳೆಗಾಲದಲ್ಲಿ ಜಗಲಿಗೆ ತಟ್ಟಿ ಕಟ್ಟಬೇಕು. ಪ್ರತಿ ಮನೆಯಿಂದ ಒಂದು ಹೆಣೆದ ತೆಂಗಿನ ಮಡಲು ತರಬೇಕು ಅಂತ ಕಟ್ಟಪ್ಪಣೆ. ಗಾಳಿ ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಅಂತ ಆರು ವರ್ಷದ ಹುಡುಗನಿಗೂ ಗೊತ್ತಿತ್ತು, ಯಾಕೆಂದರೆ ಆ ಕಡೆಗೆ ಎರಡು ಪದರ ಬೇಕಾಗುತ್ತಿತ್ತು.

ಇಷ್ಟು ಬರೆದು, ನಾನೇ ಓದಿ, ಸ್ವಲ್ಪ ನಾಚಿಕೆಯಾಯಿತು. ಹಳೇದೆಲ್ಲ ಚಂದ ಅಂತ ಬರೆಯೋದು ಸುಲಭ. ಅದೇ ಶಾಲೆಯಲ್ಲಿ ಜುಲೈ ತಿಂಗಳಲ್ಲಿ ಕರಿಹಲಗೆ ಕಾಣುತ್ತಿರಲಿಲ್ಲ. ಕರೆಂಟು ಇರಲಿಲ್ಲ. ಪಕಾಸಿನ ಸಂದಿಯಿಂದ ಒಮ್ಮೆ ಹಾವು ಬಿದ್ದು ಎರಡು ದಿನ ರಜೆ ಕೊಟ್ಟಿದ್ದರು. ಪಾಯಿಖಾನೆ ಇರಲಿಲ್ಲ. ನನ್ನ ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅದಕ್ಕೆ ಅಪ್ಪ ಕೊಟ್ಟ ಕಾರಣ ಬೇರೆ. ಅಕ್ಕ ಈಗ ಹೇಳುವ ಕಾರಣ ಬೇರೆ. ಆ ಕಟ್ಟಡ ಹುಡುಗರಿಗೆ ಒಂದು ಪಾಠ ಹೇಳಿತು, ಹುಡುಗಿಯರಿಗೆ ಇನ್ನೊಂದು ಪಾಠ ಹೇಳಿತು.

ಮುಂದೆ ನಾನು ಸಿವಿಲ್ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಾಡಿದ್ದರಲ್ಲಿ ಶಾಲೆಯ ಕೋಣೆ ಕಟ್ಟಿಸಿದ್ದೇ ಹೆಚ್ಚು. ಒಂದು ನಕ್ಷೆ ಇರುತ್ತಿತ್ತು. ಆಯತಾಕಾರದ ಕೋಣೆ, ನಾಲ್ಕು ಕಿಟಕಿ, ಮೇಲೆ ಆರ್‌ಸಿಸಿ ಸ್ಲ್ಯಾಬು. ಕರಾವಳಿಗೂ ಅದೇ, ರಾಯಚೂರಿಗೂ ಅದೇ. ಜಾಗ ಹೇಗಿದೆಯೋ ಹಾಗೆ ಕೂರಿಸಿಬಿಡೋದು. ಬಾಗಿಲು ರಸ್ತೆ ಕಡೆ ಇರಬೇಕು ಅಂತ ಊರವರು ಹೇಳುತ್ತಿದ್ದರು. ಹಾಗಾಗಿ ಎಷ್ಟೋ ಕೋಣೆಗಳ ಕಿಟಕಿ ಸೀದಾ ಪಡುವಣಕ್ಕೆ ತೆರೆದುಕೊಂಡವು. ಮಧ್ಯಾಹ್ನ ಮೂರರ ಬಿಸಿಲು ಪೂರ್ತಿ ಒಳಗೆ. ಇದನ್ನೆಲ್ಲ ಯಾರ ಮೇಲೂ ಹಾಕುತ್ತಿಲ್ಲ, ಅಳತೆ ಪುಸ್ತಕದಲ್ಲಿ ಸಹಿ ನನ್ನದೇ.

ರಾಯಚೂರು ಕಡೆಯ ಒಂದು ಶಾಲೆಗೆ, ನಾನೇ ಕಟ್ಟಿಸಿದ ಎರಡು ಕೋಣೆ ನೋಡಲಿಕ್ಕೆ, ಒಂದು ಮಾರ್ಚಿಯಲ್ಲಿ ಹೋಗಿದ್ದೆ. ಕೋಣೆ ಖಾಲಿ. ಮಕ್ಕಳೆಲ್ಲ ಹೊರಗೆ ಬೇವಿನ ಮರದ ಕೆಳಗೆ. ಏಳನೇ ಕ್ಲಾಸಿನ ಒಂದು ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ಸೂರ್ಯ ಹನ್ನೆರಡಕ್ಕ ನೆತ್ತಿ ಮ್ಯಾಲ ಇರ್ತಾನ. ಖೋಲಿ ಯಾಕ ಮೂರು ಗಂಟೆಕ್ಕ ಜಾಸ್ತಿ ಕಾಯ್ತದ್ರಿ?"

ನನ್ನ ಕೆಲಸದ ಜೀವನದಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಮೇಲಧಿಕಾರಿಯೂ ಕೇಳಿರಲಿಲ್ಲ. ಕಾಂಕ್ರೀಟು ಬಿಸಿಯನ್ನು ನಿಧಾನಕ್ಕೆ ಕುಡಿಯುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಬಿದ್ದ ಬಿಸಿಲು ಒಳಮೈಗೆ ಇಳಿಯಲಿಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ. ಆಮೇಲೆ ಅದು ಕೆಳಗೆ ಕೂತವರ ತಲೆ ಮೇಲೆ ಸುರಿಯುತ್ತ ಹೋಗುತ್ತದೆ. ಅದೇ ಊರಿನ ಹಳೇ ಮಾಳಿಗೆ ಮನೆಗಳಲ್ಲಿ ಒಂದಡಿ ದಪ್ಪ ಮಣ್ಣಿನ ಮಾಡು. ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಬೆಳಕಿಂಡಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಇದನ್ನು ಆ ಹುಡುಗಿಗೆ ಹೇಳುತ್ತಿದ್ದ ಹಾಗೆ ಅವಳು, "ಮತ್ತ ನೀವ್ಯಾಕ ಹಂಗ ಕಟ್ಟಲಿಲ್ರಿ?" ಅಂದಳು. ಮಾಸ್ತರರು ಅವಳನ್ನು ಗದರಿಸಿ ಕೂರಿಸಿದರು. ನಾನು ನೀರು ಕುಡಿದೆ.

ಅವತ್ತು ಆ ಮಾಸ್ತರರ ಜೊತೆ ಮಾತಾಡಿ ಒಂದು ಕೆಲಸ ಮಾಡಿದೆವು. ಎರಡು ಕೋಣೆ ಒಂದೇ ಅಳತೆ, ಒಂದೇ ದಿಕ್ಕು, ಅಕ್ಕಪಕ್ಕ. ಒಂದರ ಸ್ಲ್ಯಾಬಿಗೆ ಮಾತ್ರ ಸುಣ್ಣ ಬಳಿಯೋದು. ಮಕ್ಕಳು ಸುಣ್ಣ ಕಲಸಿದರು, ಅಂಟು ಸೇರಿಸಿದರು, ಬಕೆಟ್ ದಾಟಿಸಿದರು. ಊರಿನ ಇಬ್ಬರು ಹುಡುಗರು ಮೇಲೆ ಹತ್ತಿ ಎರಡು ಸಲ ಬಳಿದರು. ಎರಡೂ ಕೋಣೆಯಲ್ಲಿ ಒಂದೊಂದು ಥರ್ಮಾಮೀಟರ್ ತೂಗುಹಾಕಿ, ಗಂಟೆಗೊಮ್ಮೆ ಬರೆದಿಡಿ ಅಂತ ಹೇಳಿ ಬಂದೆ. ಎರಡು ವಾರ ಆದ ಮೇಲೆ ಒಂದು ನೋಟ್‌ಬುಕ್ಕು ಅಂಚೆಯಲ್ಲಿ ಬಂತು. ಕೆಂಪು ಗೆರೆ ಒಂದು ಕೋಣೆಗೆ, ನೀಲಿ ಗೆರೆ ಇನ್ನೊಂದಕ್ಕೆ. ಬೆಳಿಗ್ಗೆ ಎರಡೂ ಗೆರೆ ಅಂಟಿಕೊಂಡೇ ಹೊರಡುತ್ತವೆ. ಹನ್ನೊಂದರ ನಂತರ ದೂರ ಆಗುತ್ತ ಹೋಗಿ, ಮೂರು ಮೂರೂವರೆಗೆ ನಡುವೆ ಬೆರಳು ತೂರಿಸುವಷ್ಟು ಜಾಗ. ಕೆಳಗೆ ಅದೇ ಹುಡುಗಿಯ ಅಕ್ಷರದಲ್ಲಿ ಒಂದು ಸಾಲು: ಬುಧವಾರ ಮೋಡ ಇತ್ತು, ಅವತ್ತು ಲೆಕ್ಕಕ್ಕೆ ಹಿಡೀಬಾರದು. ಆ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ.

ಆಗಿನಿಂದ ಶಾಲೆಯ ಕಟ್ಟಡಗಳ ಬಗ್ಗೆ ಹುಡುಕಿ ಓದೋದು ಒಂದು ಚಟ ಆಯಿತು. ಓದಿದ್ದರಲ್ಲಿ ನನ್ನನ್ನು ಬಿಡದೆ ಹಿಡಿದದ್ದು ಗಾಂಡೋ ಅನ್ನುವ ಊರು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ್ದು. ಅಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ ಅನ್ನುವವರ ಕಥೆ. (ಹೆಸರು ಕೇಳಿದರೆ ನಮ್ಮ ಕಡೆಯ ಯಾವುದೋ ಮನೆತನ ಅನಿಸುತ್ತದೆ, ಅಲ್ವಾ?) ಊರಿನಲ್ಲಿ ಶಾಲೆ ಇರಲಿಲ್ಲ. ಏಳು ವರ್ಷಕ್ಕೇ ಮನೆ ಬಿಟ್ಟು ಬೇರೆ ಊರಿಗೆ ಓದಲು ಹೋಗಬೇಕಾಯಿತು. ಅಲ್ಲಿ ಕಿಕ್ಕಿರಿದ, ಕುದಿಯುವ ಕೋಣೆ. ಆಮೇಲೆ ಬಡಗಿ ಕೆಲಸ ಕಲಿತು, ವಿದ್ಯಾರ್ಥಿವೇತನ ಸಿಕ್ಕಿ ಜರ್ಮನಿಗೆ ಹೋಗಿ, ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದಿದರು. ಓದು ಮುಗಿಯುವ ಮೊದಲೇ ದುಡ್ಡು ಕೂಡಿಸಿ ತನ್ನ ಊರಿಗೆ ಶಾಲೆ ಕಟ್ಟಲು ಹೊರಟರು. 2001ರಲ್ಲಿ ಶಾಲೆ ಮುಗಿಯಿತು. 2004ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್, ಆಫ್ರಿಕಾದವರೊಬ್ಬರಿಗೆ ಅದು ಮೊದಲ ಸಲ.

ಪ್ರಶಸ್ತಿ ಇರಲಿ. ಒಬ್ಬ ಸ್ಲ್ಯಾಬು ಹಾಕಿಸಿದ ಮನುಷ್ಯನಾಗಿ ನಾನು ನೋಡಿದ್ದು ಮಾಡನ್ನು. ಅಲ್ಲಿಯೂ ಎಲ್ಲರೂ ಹಾಕುವುದು ತಗಡು. ತಗಡು ಅಂದರೆ ಒಲೆ. ಕೆರೆ ತಗಡನ್ನು ಬಿಡಲಿಲ್ಲ, ಮೇಲಕ್ಕೆತ್ತಿದರು. ಕೋಣೆಯ ಮೇಲೆ ಮಣ್ಣಿನ ಇಟ್ಟಿಗೆಯದೇ ಒಂದು ಮುಚ್ಚಿಗೆ, ಅದರಲ್ಲಿ ಸಂದಿ. ಅದರಿಂದ ಎಷ್ಟೋ ಎತ್ತರದಲ್ಲಿ, ತೆಳ್ಳಗಿನ ಕಬ್ಬಿಣದ ಸರಳು ಬೆಸೆದು ಮಾಡಿದ ಆಸರೆಯ ಮೇಲೆ, ತಗಡು. ನಡುವೆ ಗಾಳಿ ಹರಿದಾಡುತ್ತದೆ. ಕಾದ ತಗಡು ಆ ಗಾಳಿಯನ್ನು ಎಳೆಯುತ್ತದೆ, ಕೋಣೆಯ ಬಿಸಿ ಗಾಳಿ ಸಂದಿಯಿಂದ ಮೇಲೆ ಹೋಗುತ್ತದೆ, ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ತಗಡು ಮುಂದಕ್ಕೆ ಚಾಚಿಕೊಂಡು ಮಣ್ಣಿನ ಗೋಡೆಗೆ ಮಳೆ ತಾಗದ ಹಾಗೆ ನೋಡಿಕೊಳ್ಳುತ್ತದೆ. ಸರಳೇ ಯಾಕೆ ಅಂದರೆ ಅಲ್ಲಿಗೆ ಕ್ರೇನ್ ತರೋದು ಕನಸು. ಗರಗಸ ಮತ್ತು ಸಣ್ಣ ವೆಲ್ಡಿಂಗ್ ಯಂತ್ರ ಇದ್ದರೆ ಊರ ಹುಡುಗರೇ ಮಾಡಬಹುದು. ಮಕ್ಕಳು ಅಡಿಪಾಯಕ್ಕೆ ಕಲ್ಲು ಹೊತ್ತು ತಂದರು. ಹೆಂಗಸರು ಇಟ್ಟಿಗೆಗೆ ನೀರು ತಂದರು, ಮಣ್ಣಿನ ನೆಲವನ್ನು ತಾಸುಗಟ್ಟಲೆ ಬಡಿದು ಬಡಿದು ಗಟ್ಟಿ ಮಾಡಿದರು. ಮೊದಮೊದಲು ಊರವರಿಗೆ ನಂಬಿಕೆ ಇರಲಿಲ್ಲವಂತೆ. ಜರ್ಮನಿಗೆ ಹೋಗಿ ಬಂದವನು ಗಾಜು, ಕಾಂಕ್ರೀಟು ತರುತ್ತಾನೆ ಅಂದುಕೊಂಡರೆ ಅದೇ ಹಳೇ ಮಣ್ಣು! ನಮ್ಮಲ್ಲಿ ಯಾರಾದರೂ ಅಮೆರಿಕಾದಿಂದ ಬಂದು ಮಣ್ಣಿನ ಮನೆ ಕಟ್ಟುತ್ತೇನೆ ಅಂದರೆ ಅತ್ತೆ ಮಾವ ನೋಡುವ ನೋಟ ನೆನಪಾಯಿತು.

ಆ ಶಾಲೆಯಲ್ಲಿ ಕಲಿತ ಮಗುವಿಗೆ ಬಿಸಿ ಗಾಳಿ ಮೇಲೆ ಹೋಗುತ್ತದೆ ಅನ್ನೋದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ತಲೆ ಎತ್ತಿದರೆ ಸಂದಿ ಕಾಣುತ್ತದೆ.

ಮಣ್ಣಿನ ಇಟ್ಟಿಗೆಗೆ ಗಾಂಡೋ ತನಕ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಅನ್ನುವ ಕೇಂದ್ರ ಶುರು ಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ವರ್ಷಗಟ್ಟಲೆ ತಿದ್ದಿದರು. ಬೆಂಗಳೂರಿನ ಸುತ್ತಮುತ್ತ ಇವತ್ತು ಕಾಣುವ ಎಷ್ಟೋ ಮಣ್ಣಿನ ಇಟ್ಟಿಗೆಯ ಮನೆಗಳ ಹಿಂದೆ ಆ ಕೆಲಸ ಇದೆ.

ಇದರಲ್ಲಿ ನನಗೆ ಇಷ್ಟವಾದದ್ದು ಯಂತ್ರ ಅಲ್ಲ, ಬಾಟಲಿ. ಯಾವ ಮಣ್ಣು ಇಟ್ಟಿಗೆಗೆ ಆಗುತ್ತದೆ ಅಂತ ನೋಡಲು ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮೊದಲ ನಿಮಿಷದಲ್ಲೇ ಮರಳು ತಳ ಸೇರುತ್ತದೆ. ಅದರ ಮೇಲೆ ನಿಧಾನಕ್ಕೆ ನುಣ್ಣನೆ ಹೂಳು. ಜೇಡಿ ಮಾತ್ರ ಗಂಟೆಗಟ್ಟಲೆ ನೀರಲ್ಲೇ ತೇಲಿಕೊಂಡಿದ್ದು ಮರುದಿನಕ್ಕೆ ತೆಳ್ಳನೆ ಕೆನೆಯ ಹಾಗೆ ಕೂರುತ್ತದೆ. ಸ್ಕೇಲ್ ಇಟ್ಟು ಪದರ ಅಳೆದರೆ ಆಯಿತು. ನಾನು ಇದನ್ನು ಒಂದು ಆರನೇ ಕ್ಲಾಸಿನಲ್ಲಿ ಮಾಡಿಸಿದ್ದೆ. ಮನೆಯ ಹಿತ್ತಲು, ಗದ್ದೆ, ಹೊಳೆ ದಂಡೆ, ಹುತ್ತ ಅಂತ ಹತ್ತು ಕಡೆಯ ಮಣ್ಣು ಬಂತು. ಹುತ್ತದ ಮಣ್ಣು ತಂದ ಹುಡುಗನ ಬಾಟಲಿ ಮೂರು ದಿನ ಆದರೂ ತಿಳಿಯಾಗಲಿಲ್ಲ. ಅವನು ಅದನ್ನೇ ದೊಡ್ಡ ಬಹುಮಾನದ ಹಾಗೆ ಎತ್ತಿ ಎತ್ತಿ ತೋರಿಸುತ್ತಿದ್ದ.

ಸರಕಾರಿ ಶಾಲೆಗಳಲ್ಲಿ ಇಂಥದ್ದು ನಡೆದೇ ಇಲ್ಲ ಅಂತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಮಕ್ಕಳ ಕೈಗೆಟುಕುವ ಹಾಗೆ ಗೋಡೆಯ ಕೆಳಭಾಗಕ್ಕೇ ಕರಿಹಲಗೆ ಬಂತು. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುವ ಚಪ್ಪರ ಬಂತು. ಅದು ಸಣ್ಣ ಬದಲಾವಣೆ ಅಂತ ಅನಿಸಬಹುದು. ಗೋಡೆ ಯಾರದ್ದು ಅನ್ನುವ ಪ್ರಶ್ನೆ ಅದು.

ಇನ್ನೊಂದು, ಬಾಲಾ. ಬಿಲ್ಡಿಂಗ್ ಆ್ಯಸ್ ಲರ್ನಿಂಗ್ ಏಡ್. ಅಂದರೆ ಕಟ್ಟಡವೇ ಪಾಠದ ಸಾಮಾನು. ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ವಿನ್ಯಾಸ್ ಸಂಸ್ಥೆ ಬೆಳೆಸಿದ್ದು. ಬಾಗಿಲು ತೆರೆದಷ್ಟು ಕೋನ ಕಾಣುವ ಹಾಗೆ ನೆಲದ ಮೇಲೆ ಕೋನಮಾಪಕದ ಗೆರೆ. ಬೆರಳು ಓಡಿಸಿದರೆ ಅಕ್ಷರದ ತಿರುವು ಅಭ್ಯಾಸ ಆಗುವ ಹಾಗೆ ಕಿಟಕಿಯ ಸರಳು. ಫ್ಯಾನಿನ ರೆಕ್ಕೆಗೆ ಬಣ್ಣ, ತಿರುಗಿದಾಗ ಬಣ್ಣ ಬೆರೆಯೋದು ಕಾಣಲಿ ಅಂತ. ಯೋಚನೆ ಬಹಳ ಜಾಣತನದ್ದು. ಆದರೆ ನಾನು ಕಂಡ ಎಷ್ಟೋ ಕಡೆ ಅದು ಪೇಂಟರನ ಕೆಲಸವಾಗಿಬಿಟ್ಟಿತ್ತು. ಗೋಡೆ ತುಂಬ ಮೊಲ, ನವಿಲು, ಭೂಪಟ, "ಹಸಿರೇ ಉಸಿರು". ಒಂದು ಕಡೆ ಬಾಗಿಲ ಕೆಳಗೆ ಕೋನಮಾಪಕ ಚಂದವಾಗಿ ಬರೆದಿದ್ದರು. ಬಾಗಿಲು ತೆರೆಯುವುದು ಮಾತ್ರ ಇನ್ನೊಂದು ಬದಿಗೆ. ಬಣ್ಣ ಬಳಿದವನಿಗೂ, ಬಿಲ್ಲು ಪಾಸು ಮಾಡಿದವರಿಗೂ ಅದು ಕಂಡಿರಲಿಲ್ಲ. ಮಕ್ಕಳಿಗೆ ಕಂಡಿತ್ತು. ತೋರಿಸಿ ನಕ್ಕರು.

ಇದಕ್ಕಿಂತ ನನಗೆ ಜಾಸ್ತಿ ಕಿರಿಕಿರಿ ಮಾಡೋದು ದುಡ್ಡಿರುವವರ ಹಸಿರು ಶಾಲೆಗಳು. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಅಂಥ ಒಂದರಲ್ಲಿ ಓದುತ್ತಾನೆ. ಮಾಡಿನ ತುಂಬ ಸೋಲಾರ್, ಎರಡು ಪದರದ ಗಾಜು, ಬಳಸಿದ ನೀರನ್ನು ಶುದ್ಧ ಮಾಡುವ ಘಟಕ. ಗೇಟಿನ ಹತ್ತಿರವೇ ಸರ್ಟಿಫಿಕೇಟು ತೂಗುಹಾಕಿದ್ದಾರೆ. ಒಳಗೆ ಹೋದರೆ ದೀಪ ತಾನೇ ಹತ್ತುತ್ತದೆ, ಹೊರಗೆ ಬಂದರೆ ತಾನೇ ಆರುತ್ತದೆ. ಕೈ ಒಡ್ಡಿದರೆ ನಲ್ಲಿಯಿಂದ ನೀರು, ಕೈ ತೆಗೆದರೆ ನಿಂತಿತು. ಕಿಟಕಿ ತೆರೆಯಲಿಕ್ಕೆ ಬರುವುದಿಲ್ಲ. ಲೆಕ್ಕದ ಪ್ರಕಾರ ಆ ಕಟ್ಟಡ ನಾನು ಕಟ್ಟಿಸಿದ ಯಾವ ಕೋಣೆಗಿಂತಲೂ ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಹುಡುಗ ರಜೆಗೆ ನಮ್ಮಲ್ಲಿಗೆ ಬಂದಾಗ ಬಚ್ಚಲ ನಲ್ಲಿ ತಿರುಗಿಸಿ, ಹಾಗೇ ಬಿಟ್ಟು ಹೋಗುತ್ತಾನೆ. ಬೈದರೆ, "ದೊಡ್ಡಪ್ಪ, ಅದು ಯಾಕೆ ತಾನೇ ಆಫ್ ಆಗಲ್ಲ?" ಅನ್ನುತ್ತಾನೆ. ಅವನ ತಪ್ಪಲ್ಲ. ನೀರು ಉಳಿಸೋದು ನಲ್ಲಿಯ ಕೆಲಸ, ತನ್ನದಲ್ಲ ಅಂತ ಅವನ ಶಾಲೆಯ ಗೋಡೆಗಳು ದಿನಾ ಹೇಳಿಕೊಟ್ಟಿವೆ. ನಾವು ಮಡಲು ಹೆಣೆದೆವು, ಹೆಂಚು ದಾಟಿಸಿದೆವು. ಅವನ ಕಟ್ಟಡಕ್ಕೆ ಅವನಿಂದ ಏನೂ ಬೇಕಾಗಿಲ್ಲ.

ಲಡಾಖಿನ ಫೇ ಊರಿನ ಸೆಕ್ಮೋಲ್ ಇದಕ್ಕೆ ಪೂರ್ತಿ ಉಲ್ಟಾ. ಸೋನಂ ವಾಂಗ್‌ಚುಕ್ ಮತ್ತು ಗೆಳೆಯರು 1988ರಲ್ಲಿ ಶುರು ಮಾಡಿದ ಸಂಸ್ಥೆ. ದಪ್ಪ ಮಣ್ಣಿನ ಗೋಡೆ, ಕಟ್ಟಡದ ಮುಖ ದಕ್ಷಿಣಕ್ಕೆ. ಚಳಿಗಾಲದಲ್ಲಿ ಆ ಕಡೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಬಿಸಿಲು ಹಿಡಿಯುತ್ತಾರೆ, ಬೇಸಿಗೆ ಬಂದರೆ ಸುತ್ತಿ ಎತ್ತಿಡುತ್ತಾರೆ. ಹೊರಗೆ ನೀರು ಹೆಪ್ಪುಗಟ್ಟುವಾಗ ಒಳಗೆ ಒಲೆ ಇಲ್ಲದೆ ಕೂರಬಹುದು. ಹಾಳೆ ಇಳಿಸುವವರು, ಸೋಲಾರ್ ನೋಡಿಕೊಳ್ಳುವವರು, ಹಸು ನೋಡಿಕೊಳ್ಳುವವರು ಎಲ್ಲ ವಿದ್ಯಾರ್ಥಿಗಳೇ. ಒಂದು ದಿನ ಮರೆತರೆ ಎಲ್ಲರೂ ನಡುಗಬೇಕು. ಮರೆಯುವುದಿಲ್ಲ.

ಹೋದ ವರ್ಷ ಸ್ವಯಂ ನಿವೃತ್ತಿ ತಗೊಂಡು ಊರಿಗೆ ಬಂದೆ. ನಾನು ಕಲಿತ ಶಾಲೆಯಲ್ಲಿ ಈಗ ಸ್ಲ್ಯಾಬಿನ ಮೂರು ಕೋಣೆ. ಪಾಯಿಖಾನೆ ಇದೆ, ನೀರಿದೆ, ಹುಡುಗಿಯರೇ ಜಾಸ್ತಿ ಇದ್ದಾರೆ. ಮಾಡಿನ ನೀರು ಹಿಡಿಯಲು ಪೈಪು, ಟ್ಯಾಂಕು ಹಾಕಿ ಎಷ್ಟೋ ವರ್ಷ ಆಗಿತ್ತು. ಪೈಪಿನ ಬಾಯಿ ಎಲೆ ಕಟ್ಟಿ ಮುಚ್ಚಿತ್ತು. ಯಾರೂ ಅದನ್ನು ನೋಡಿರಲಿಲ್ಲ, ಯಾಕೆಂದರೆ ನೋಡೋದು ಯಾರ ಕೆಲಸವೂ ಆಗಿರಲಿಲ್ಲ. ಅಕ್ಕೋರ ಒಪ್ಪಿಗೆ ತಗೊಂಡು ಐದನೇ ಕ್ಲಾಸಿನವರ ಜೊತೆ ಅದನ್ನು ಬಿಚ್ಚಿ ತೊಳೆದೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಇದೊಂದು ಗೊತ್ತಾದರೆ ಸಾಕು, ಮಕ್ಕಳು ನಿಲ್ಲುವುದಿಲ್ಲ. ಕೋಣೆಯ ಮಾಡನ್ನು ಟೇಪಿನಲ್ಲಿ ಅಳೆದರು. ಆರು ಮೀಟರ್, ಎಂಟು ಮೀಟರ್. 48 ಚದರ ಮೀಟರ್. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ನಮ್ಮಲ್ಲಿ ಒಂದೇ ದಿನ 100 ಮಿಲಿಮೀಟರ್ ಹೊಯ್ಯೋದು ದೊಡ್ಡ ಸುದ್ದಿಯೇನಲ್ಲ. ಹಾಗಾದರೆ 4,800 ಲೀಟರ್. "ಟ್ಯಾಂಕು ಐದು ಸಾವಿರದ್ದು. ಎರಡನೇ ದಿನದ ನೀರು ಎಲ್ಲಿಗೆ ಹೋಗ್ತದೆ?" ಅಂತ ಒಬ್ಬ ಕೇಳಿದ. ಎಲ್ಲರೂ ಕೊಡೆ ಹಿಡಿದು ನೀರಿನ ಹಿಂದೆ ಹೋದೆವು. ಗಟಾರ, ರಸ್ತೆ ಬದಿ, ಒಬ್ಬರ ಗದ್ದೆ, ಹಳ್ಳ. ಬಾವಿಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು ನೀರು, ಬಾವಿಯ ಹತ್ತಿರ ಇಂಗುತ್ತಿರಲಿಲ್ಲ. ಈಗ ಅಲ್ಲೊಂದು ಗುಂಡಿ ತೋಡುವ ಮಾತು ನಡೆದಿದೆ. ಜಾಗ ಯಾರದ್ದು ಅನ್ನುವ ಜಗಳವೂ ನಡೆದಿದೆ.

ನೆರಳಿಲ್ಲದ ದಿನ ತೋರಿಸಬೇಕು ಅಂತ ಆಸೆ ಇತ್ತು. ನಮ್ಮ ಅಂಕೋಲೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಒಮ್ಮೆ. ಒಂದು ಸಲ ಶಾಲೆಗೆ ರಜೆ, ಇನ್ನೊಂದು ಸಲ ಸೂರ್ಯನಿಗೇ ರಜೆ. ಆಗಲಿಲ್ಲ.

ಹಳೇ ಕಟ್ಟಡದ್ದು ಒಂದು ಕೋಣೆ ಮಾತ್ರ ಉಳಿದುಕೊಂಡಿದೆ. ಹೆಂಚಿನ ಮಾಡು, ಅದೇ ಚಿರೆಕಲ್ಲಿನ ಗೋಡೆ. ಈಗ ಅದು ಬಿಸಿಯೂಟದ ಅಡುಗೆಕೋಣೆ. ನವೆಂಬರಿನ ಒಂದು ಬೆಳಿಗ್ಗೆ ಒಳಗೆ ಹೊಕ್ಕೆ. ಅಡುಗೆಯಾಕೆ ಕುಂಬಳಕಾಯಿ ಹೆಚ್ಚುತ್ತಿದ್ದರು. ಹೊಗೆಯ ನಡುವೆ ಮಾಡಿನಿಂದ ಒಂದು ಬೆಳಕಿನ ಕೋಲು ಇಳಿದು, ಅಕ್ಕಿ ಮೂಟೆಯ ಪಕ್ಕ ನೆಲದ ಮೇಲೆ ಬಿದ್ದಿತ್ತು. ಬಿಲ್ಲೆ. ಪಕ್ಕದ ಕ್ಲಾಸಿನಿಂದ ಸೀಮೆಸುಣ್ಣ ತಂದು ಬಗ್ಗಿ ಅದರ ಸುತ್ತ ಗೆರೆ ಎಳೆದೆ.

"ಎಂತ ಮಾಡ್ತಿದ್ರಿ ಸರ್?"

"ಏನಿಲ್ಲ ಅಕ್ಕ. ಇದು ಸರೀತದಲ್ಲ, ನೋಡ್ತಿದ್ದೆ."

ಅವರು ಕತ್ತಿ ಕೆಳಗಿಟ್ಟು ಕೈ ಒರೆಸಿಕೊಂಡರು. "ಅದಾ? ಅದು ಆ ಕಂಬದ ಬುಡಕ್ಕೆ ಬಂದ್ರೆ ನಾನು ಅಕ್ಕಿ ಹಾಕುದು. ಬೆಲ್ ಹೊಡೀವಷ್ಟೊತ್ತಿಗೆ ಅನ್ನ ಆಗ್ತದೆ. ಫೆಬ್ರುವರಿ ಆಯ್ತು ಅಂದ್ರೆ ಕಂಬ ಬಿಟ್ಟು ಈಚೆ ಬರ್ತದೆ, ಆವಾಗ ಈ ಒರಳಕಲ್ಲು ನೋಡ್ಕಳುದು." ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದರು. "ಹೆಂಚು ಬದಲು ಮಾಡ್ತೇವೆ ಅಂತ ಬಂದಿದ್ರು ಹೋದ ವರ್ಷ. ಅದೊಂದು ಬಿಟ್ಟು ಉಳಿದದ್ದೆಲ್ಲ ಬದಲು ಮಾಡಿ ಅಂದೆ."